ಮೂರು ಕೋಲು, ಒಂದು ಕತ್ತಿ: ಬಾಲ್ಡರ್ಸ್ ಗೇಟ್ 3ರಲ್ಲಿ ಮಂತ್ರದ ಕೋಲುಗಳ ತಂಡ ಕಟ್ಟಿದ್ದು

ಬಾಲ್ಡರ್ಸ್ ಗೇಟ್ 3 ಅನ್ನುವ ಕಂಪ್ಯೂಟರ್ ಆಟ ಆಡುವ ನನ್ನ ಗೆಳೆಯರೆಲ್ಲ ಮಂತ್ರದ ಕೋಲು ಸಿಕ್ಕಿದರೆ ಅದರ ಡ್ಯಾಮೇಜ್, ಅಂದರೆ ದಾಳ ಉರುಳಿಸಿ ಲೆಕ್ಕ ಹಾಕುವ ಏಟಿನ ಬಲ, ನೋಡುತ್ತಾರೆ. ಒಂದು ಕೈಯಲ್ಲಿ ಹಿಡಿದರೆ ಆರು ಮುಖದ ದಾಳ, ಎರಡು ಕೈಯಲ್ಲಿ ಹಿಡಿದರೆ ಎಂಟು ಮುಖದ ದಾಳ. ದೊಡ್ಡ ಕತ್ತಿಗೆ ಹೋಲಿಸಿದರೆ ಇದೇನೂ ಅಲ್ಲ. ಹಾಗಾಗಿ ಕೋಲನ್ನು ಆಟದಲ್ಲಿ ಜೊತೆಯಾಗುವ ವಿಝರ್ಡ್ (ಮಾಂತ್ರಿಕ) ಗೇಲ್ ಬೆನ್ನಿಗೆ ಕಟ್ಟಿ ಮರೆತುಬಿಡುತ್ತಾರೆ, ಇಲ್ಲವೇ ಅಂಗಡಿಗೆ ಮಾರುತ್ತಾರೆ. ನನಗೆ ಇದು ತುಂಬಾ ಬೇಜಾರಿನ ವಿಷಯ. ಈ ಆಟದ ಕೋಲುಗಳಲ್ಲಿ ಓದಬೇಕಾದದ್ದು ಮೇಲಿನ ಸಂಖ್ಯೆ ಅಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವ ಎರಡು ಮೂರು ಸಾಲು. ಆ ಸಾಲುಗಳು ಕೆಲಸ ಮಾಡುವುದು ಪಕ್ಕದಲ್ಲಿ ನಿಂತ ಜೊತೆಗಾರ ಏನು ಮಾಡುತ್ತಾನೆ ಅನ್ನುವುದರ ಮೇಲೆ.

ಅದಕ್ಕೇ ಈ ಸಲ ಒಂದು ತಂಡವನ್ನು ಪೂರ್ತಿ ಕೋಲುಗಳ ಸುತ್ತಲೇ ಕಟ್ಟಿದೆ. ನಾಲ್ಕು ಜನ. ಮೂವರ ಕೈಯಲ್ಲಿ ಕೋಲು, ಒಬ್ಬಳ ಕೈಯಲ್ಲಿ ಕತ್ತಿ. ಶುರುವಿನಿಂದ ಲೆವೆಲ್ 12ರವರೆಗೆ ಏನೇನು ಸೇರಿಸಿದೆ, ಎಲ್ಲಿ ತೊಡಕಾಯಿತು, ಹೇಗೆ ಸರಿಯಾಯಿತು ಅನ್ನುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕಥೆಯ ಗುಟ್ಟುಗಳನ್ನು ಆದಷ್ಟು ಬಿಟ್ಟಿದ್ದೇನೆ. ಆದರೆ ಯಾವ ವಸ್ತು ಎಲ್ಲಿ ಸಿಗುತ್ತದೆ ಅಂತ ಹೇಳದೆ ವಿಧಿಯಿಲ್ಲ.

ಲೆಕ್ಕ ಇಷ್ಟೇ

ಇಡೀ ಬಿಲ್ಡ್, ಅಂದರೆ ತಂಡದ ಶಕ್ತಿ ಮತ್ತು ಸಾಮಾನುಗಳ ಈ ಜೋಡಣೆ, ನಿಂತಿರುವುದು ಒಂದು ನಿಯಮದ ಮೇಲೆ. ಈ ಆಟದಲ್ಲಿ ಒದ್ದೆಯಾದವರಿಗೆ, ಅಂದರೆ 'ವೆಟ್' ಅನ್ನುವ ಗುರುತು ಬಿದ್ದವರಿಗೆ, ಕೋಲ್ಡ್ ಮತ್ತು ಲೈಟ್ನಿಂಗ್ ಡ್ಯಾಮೇಜ್ ಎರಡರಷ್ಟು ತಾಗುತ್ತದೆ. ಬೆಂಕಿ ಮಾತ್ರ ಅರ್ಧಕ್ಕೆ ಇಳಿಯುತ್ತದೆ. ಮಾಂತ್ರಿಕ ಒಬ್ಬನೇ ಎಷ್ಟು ಬಲಶಾಲಿಯಾದರೂ ಲೆವೆಲ್ ಏರಿಸದೆ ತನ್ನ ಏಟನ್ನು ದುಪ್ಪಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ಪಕ್ಕದಲ್ಲಿ ನೀರು ಸುರಿಯುವವರು ಒಬ್ಬರಿದ್ದರೆ ಆಗುತ್ತದೆ. ನೆಲ ನೆನೆಸಿ ಆಮೇಲೆ ಉಳುವ ಹಾಗೆ.

ನೀರು ಸುರಿಯಲು ಬೇಕಾದ ಸ್ಪೆಲ್, ಅಂದರೆ ಮಂತ್ರ, ಮೊದಲ ಲೆವೆಲ್‌ನದ್ದೇ. 'ಕ್ರಿಯೇಟ್ ವಾಟರ್'. ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವವರು) ಮತ್ತು ಡ್ರೂಯಿಡ್ (ಪ್ರಕೃತಿಯ ಬಲದಿಂದ ಹಾಕುವವರು) ಇಬ್ಬರಿಗೂ ಬರುತ್ತದೆ. ಅದಕ್ಕೆ ಏಕಾಗ್ರತೆ, ಅಂದರೆ ಕಾನ್ಸಂಟ್ರೇಶನ್ ಬೇಡ. ಏಕಾಗ್ರತೆ ಬೇಕಾದ ಸ್ಪೆಲ್ ಆದರೆ ಒಬ್ಬರು ಒಂದು ಸಲಕ್ಕೆ ಒಂದನ್ನೇ ನಡೆಸಬಹುದು. ಇದು ಬಹಳ ಮುಖ್ಯ, ಮುಂದೆ ಗೊತ್ತಾಗುತ್ತದೆ.

ಹಾಗಾಗಿ ತಂಡ ಹೀಗಾಯಿತು: ಹೊಡೆಯಲು ಗೇಲ್, ನೀರು ಸುರಿಯಲು ಮತ್ತು ಹರಸಲು ಶ್ಯಾಡೋಹಾರ್ಟ್, ಎರಡಕ್ಕೂ ಕೈ ಹಚ್ಚಲು ನನ್ನ ಪಾತ್ರ ಟಾವ್ ಒಬ್ಬ ಡ್ರೂಯಿಡ್, ಮುಂದೆ ನಿಂತು ಏಟು ತಡೆಯಲು ಕತ್ತಿ ಹಿಡಿದ ಲೇಝೆಲ್.

ಮೊದಲ ಮೂರು ಲೆವೆಲ್: ಸಾದಾ ಕೋಲಿನ ಕಾಲ

ಆಟದ ಶುರುವಿನಲ್ಲಿ ನಮ್ಮ ಹಡಗು ಬಿದ್ದ ಕಡಲತೀರದ ಸುತ್ತಮುತ್ತಲೇ ಮೂವರೂ ಸಿಗುತ್ತಾರೆ. ಶ್ಯಾಡೋಹಾರ್ಟ್ ತೀರದಲ್ಲಿ, ಗೇಲ್ ಬಂಡೆಯ ಮೇಲಿನ ಮಿಣುಕುವ ಪೋರ್ಟಲ್‌ನಲ್ಲಿ, ಲೇಝೆಲ್ ಸ್ವಲ್ಪ ಮುಂದೆ ಬೋನಿನಲ್ಲಿ. ಪೋರ್ಟಲ್‌ನಿಂದ ಹೊರಗೆ ಚಾಚಿದ ಕೈಯನ್ನು ಹಿಡಿದೆಳೆದರೆ ಗೇಲ್ ಬರುತ್ತಾನೆ, ಮಾತು ಶುರು ಮಾಡುತ್ತಾನೆ. ಈ ಪಾತ್ರ ನನಗೆ ಎಷ್ಟು ಸಲ ಆಡಿದರೂ ಇಷ್ಟ.

ಗೇಲ್ ಬಗ್ಗೆ ಒಂದು ಸಂಗತಿ ಬಹಳ ಜನ ಗಮನಿಸುವುದಿಲ್ಲ. ಅವನು ಮನುಷ್ಯ ಜಾತಿಯವನು. ಈ ಆಟದಲ್ಲಿ ಮನುಷ್ಯರಿಗೆ ಹುಟ್ಟಿನಿಂದಲೇ ಗುರಾಣಿ ಹಿಡಿಯುವ ತರಬೇತಿ ಇದೆ. ಸಾಮಾನ್ಯವಾಗಿ ವಿಝರ್ಡ್‌ಗಳಿಗೆ ಅದು ಇರುವುದಿಲ್ಲ. ಕೋಲನ್ನು ಒಂದು ಕೈಯಲ್ಲೂ ಹಿಡಿಯಬಹುದಾದ್ದರಿಂದ ಇನ್ನೊಂದು ಕೈಗೆ ಒಂದು ಗುರಾಣಿ ಕೊಡಿ, ಆರ್ಮರ್ ಕ್ಲಾಸ್, ಅಂದರೆ ಏಟು ತಾಗದಂತೆ ಕಾಯುವ ಅಂಕ, ಎರಡು ಏರುತ್ತದೆ. ಕೋಲಿನ ಡ್ಯಾಮೇಜ್ ಎಂಟು ಮುಖದ ದಾಳದಿಂದ ಆರಕ್ಕೆ ಇಳಿಯುತ್ತದೆ. ಇಳಿಯಲಿ ಬಿಡಿ, ಗೇಲ್ ಕೋಲಿನಿಂದ ಯಾರನ್ನೂ ಬಡಿಯಲು ಹೋಗುವುದಿಲ್ಲ ಅಲ್ವಾ. ಅವನಿಗೆ ಲೈಟ್ ಆರ್ಮರ್ ಕೂಡ ಬರುತ್ತದೆ, ಆದರೆ ಅದನ್ನು ಹಾಕಿದರೆ 'ಮೇಜ್ ಆರ್ಮರ್' ಅನ್ನುವ ರಕ್ಷಣೆಯ ಸ್ಪೆಲ್ ಉಳಿಯುವುದಿಲ್ಲ. ನಾನು ಬಟ್ಟೆ ಮತ್ತು ಗುರಾಣಿಯಲ್ಲೇ ಇಟ್ಟೆ.

ಟಾವ್ ಕೈಯಲ್ಲಿ ಅದೇ ಸಾದಾ ಕೋಲು ಬೇರೆಯೇ ಆಗುತ್ತದೆ. ಡ್ರೂಯಿಡ್‌ಗೆ 'ಶಿಲೇಲಿ' ಅನ್ನುವ ಪುಟ್ಟ ಮಂತ್ರ ಇದೆ. ಸರದಿಯಲ್ಲಿ ಸಿಗುವ ಸಣ್ಣ ಹೆಚ್ಚುವರಿ ನಡೆಯಾದ ಬೋನಸ್ ಆಕ್ಷನ್‌ನಲ್ಲಿ ಹಾಕಿದರೆ ಕೈಯಲ್ಲಿರುವ ಕೋಲು ಎಂಟು ಮುಖದ ದಾಳದ್ದಾಗುತ್ತದೆ, ಬಡಿಯುವಾಗ ತೋಳಿನ ಬಲದ ಬದಲು ವಿಸ್ಡಮ್ ಲೆಕ್ಕಕ್ಕೆ ಬರುತ್ತದೆ. ಡ್ರೂಯಿಡ್‌ಗೆ ವಿಸ್ಡಮ್ ಹೇಗೂ ಜಾಸ್ತಿ ಇರುತ್ತದೆ. ಸ್ಪೆಲ್ ಸ್ಲಾಟ್, ಅಂದರೆ ಮಲಗಿ ಏಳುವವರೆಗೆ ಎಷ್ಟು ಸ್ಪೆಲ್ ಹಾಕಬಹುದು ಅನ್ನುವ ಎಣಿಕೆ, ಕಡಿಮೆ ಇರುವ ಈ ಕಾಲದಲ್ಲಿ ಟಾವ್ ಲೇಝೆಲ್ ಪಕ್ಕ ನಿಂತು ಕೋಲಿನಿಂದಲೇ ಹೋರಾಡಿದ. ಚೆನ್ನಾಗಿಯೇ ನಡೆಯಿತು.

ಪಾಳುಬಿದ್ದ ಗುಡಿಯ ಕೆಳಗಿನ ನೆಲಮಾಳಿಗೆಯಲ್ಲಿ ವಿದರ್ಸ್ ಸಿಗುತ್ತಾನೆ. ಆಮೇಲೆ ಬಿಡಾರಕ್ಕೇ ಬಂದು ನಿಲ್ಲುತ್ತಾನೆ. 100 ಗೋಲ್ಡ್ ಕೊಟ್ಟರೆ ಯಾರನ್ನು ಬೇಕಾದರೂ ಮೊದಲಿನಿಂದ ಕಟ್ಟಿಕೊಡುತ್ತಾನೆ. ಶ್ಯಾಡೋಹಾರ್ಟ್ ಬರುವಾಗ ಟ್ರಿಕರಿ ಡೊಮೇನ್‌ನ (ಶಾಖೆಯ) ಕ್ಲೆರಿಕ್ ಆಗಿರುತ್ತಾಳೆ. ಅವಳನ್ನು ಲೈಫ್ ಡೊಮೇನ್‌ಗೆ ಬದಲಿಸಿದೆ. ಲೈಫ್‌ನಲ್ಲಿ ಜೊತೆಗಾರರ ಗುರಿ ಚುರುಕಾಗಿಸುವ 'ಬ್ಲೆಸ್' ಸ್ಪೆಲ್ ಸದಾ ಸಿದ್ಧವಾಗಿರುತ್ತದೆ, ಅದಕ್ಕೆ ಬೇರೆ ಜಾಗ ಕೊಡಬೇಕಾಗಿಲ್ಲ. ಟೆಂಪೆಸ್ಟ್ ಡೊಮೇನ್ ಕೂಡ ಒಳ್ಳೆಯದೇ, ಮಿಂಚಿನ ಏಟನ್ನು ಪೂರ್ತಿಯಾಗಿ ಬೀಳಿಸಬಹುದು. ಆದರೆ ನನಗೆ ಬೇಕಿದ್ದದ್ದು ಹೊಡೆಯುವ ಶ್ಯಾಡೋಹಾರ್ಟ್ ಅಲ್ಲ, ಬೇರೆಯವರ ಏಟು ತಪ್ಪದಂತೆ ನೋಡಿಕೊಳ್ಳುವ ಶ್ಯಾಡೋಹಾರ್ಟ್.

ಗೇಲ್ ಹಸಿವು

ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಗೇಲ್ ಸ್ವಲ್ಪ ದಿನ ಆದ ಮೇಲೆ ಮಂತ್ರದ ವಸ್ತುಗಳನ್ನು ಕೇಳಲು ಶುರು ಮಾಡುತ್ತಾನೆ. ಅವನ ಎದೆಯೊಳಗಿನ ಒಂದು ತೊಂದರೆಗೆ ಅದು ಬೇಕು. ಕೊಟ್ಟ ವಸ್ತು ಮತ್ತೆ ಬರುವುದಿಲ್ಲ. ಕೊಡದೇ ಇದ್ದರೆ ಅವನು ತಂಡವನ್ನೇ ಬಿಟ್ಟು ಹೋಗಬಹುದು.

ಕೊಡುವಾಗ ಪಟ್ಟಿಯಲ್ಲಿ ನಿಮ್ಮ ಹತ್ತಿರ ಇರುವ ಮಂತ್ರದ ವಸ್ತುಗಳೆಲ್ಲ ಕಾಣುತ್ತವೆ, ಒಳ್ಳೆಯ ಕೋಲು ಸಹ. ಹಾಗಾಗಿ ನಾನು ಶುರುವಿನಿಂದಲೇ ಯಾರೂ ಹಾಕಿಕೊಳ್ಳದ ಉಂಗುರ, ಕೈಗವಸು, ಸಣ್ಣ ಚಾಕು, ಮಂತ್ರದ್ದು ಅಂತ ಹೆಸರಿಗೆ ಮಾತ್ರ ಇರುವ ಸಾಮಾನು, ಇವನ್ನು ಮಾರದೆ ಬಿಡಾರದ ಪೆಟ್ಟಿಗೆಯಲ್ಲಿ ಕೂಡಿಟ್ಟೆ. ಮೂರು ಕೂಡಿಟ್ಟರೆ ಸಾಕು. ಅವನಿಗೆ ಹೊಟ್ಟೆ ತುಂಬುತ್ತದೆ, ನಮ್ಮ ಕೋಲು ಉಳಿಯುತ್ತದೆ.

ಜೊತೆಗಾರರ ಮನಸ್ಸು ಕಾಯುವುದು ಈ ಬಿಲ್ಡ್‌ನ ಭಾಗವೇ. ಶ್ಯಾಡೋಹಾರ್ಟ್ ಮತ್ತು ಲೇಝೆಲ್‌ಗೆ ಶುರುವಿನಲ್ಲಿ ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ. ಬಿಡಾರದಲ್ಲಿ ಒಂದು ರಾತ್ರಿ ಚಾಕು ಹಿಡಿಯುವ ಮಟ್ಟಕ್ಕೆ ಹೋಗುತ್ತದೆ. ಆವಾಗ ಸುಮ್ನೆ ನೋಡುತ್ತಾ ಕೂತರೆ ಒಬ್ಬರನ್ನು ಕಳೆದುಕೊಳ್ಳಬೇಕಾಗುತ್ತದೆ. ನಾನು ನಡುವೆ ಹೋಗಿ ಬಿಡಿಸಿದೆ. ನೀರು ಸುರಿಯುವವಳು ಹೋದರೆ ಗೇಲ್ ಕೈಯ ಕೋಲಿಗೆ ಅರ್ಧ ಬೆಲೆ.

ಮೊದಲ ನಿಜವಾದ ಕೋಲು: ಸ್ಪೆಲ್‌ಸ್ಪಾರ್ಕ್ಲರ್

ವಾಕೀನ್ಸ್ ರೆಸ್ಟ್ ಅನ್ನುವ ಛತ್ರ ಹೊತ್ತಿ ಉರಿಯುತ್ತಿರುತ್ತದೆ. ಒಳಗೆ ಫ್ಲಾರಿಕ್ ಅನ್ನುವ ಅಧಿಕಾರಿ ಸಿಕ್ಕಿಹಾಕಿಕೊಂಡಿರುತ್ತಾಳೆ. ಅವಳನ್ನು ಉಳಿಸಿದರೆ ಈ ಕೋಲು ಕೊಡುತ್ತಾಳೆ. ಅಲ್ಲಿಗೆ ಹೋದ ಮೇಲೆ ಲಾಂಗ್ ರೆಸ್ಟ್ ಮಾಡಬೇಡಿ. ರಾತ್ರಿ ಮಲಗಿ ಬೆಳಿಗ್ಗೆ ಬಂದರೆ ಅವಳು ಬದುಕಿರುವುದಿಲ್ಲ. ಸ್ಪೆಲ್ ಸ್ಲಾಟ್ ತುಂಬಿಸಿಕೊಂಡೇ ಅತ್ತ ಕಾಲಿಡಿ.

ಇಲ್ಲಿ ಕ್ರಿಯೇಟ್ ವಾಟರ್ ತನ್ನ ಮೊದಲ ಕೆಲಸ ಮಾಡಿತು, ಅದೂ ಹೋರಾಟವೇ ಇಲ್ಲದೆ. ಬೆಂಕಿ ಹತ್ತಿದ ನೆಲದ ಮೇಲೆ ಶ್ಯಾಡೋಹಾರ್ಟ್ ನೀರು ಸುರಿದಳು, ಬೆಂಕಿ ಆರಿತು, ದಾರಿ ಆಯಿತು. ಲೇಝೆಲ್ ಬಾಗಿಲು ಒಡೆದಳು.

ಸ್ಪೆಲ್‌ಸ್ಪಾರ್ಕ್ಲರ್ ಹಿಡಿದವರು ಸ್ಪೆಲ್‌ನಿಂದ ಡ್ಯಾಮೇಜ್ ಮಾಡಿದಾಗಲೆಲ್ಲ ಲೈಟ್ನಿಂಗ್ ಚಾರ್ಜ್ ಕೂಡುತ್ತದೆ. ಚಾರ್ಜ್ ಇದ್ದರೆ ಗುರಿ ಸ್ವಲ್ಪ ಚುರುಕಾಗುತ್ತದೆ, ಏಟಿಗೆ ಒಂದಿಷ್ಟು ಮಿಂಚು ಸೇರುತ್ತದೆ. ಐದು ಚಾರ್ಜ್ ತುಂಬಿದರೆ ಅವು ಒಟ್ಟಿಗೆ ಖರ್ಚಾಗಿ ಎಂಟು ಮುಖದ ದಾಳದಷ್ಟು ಮಿಂಚು ಬೀಳುತ್ತದೆ. ಬೇರೆ ಸ್ಪೆಲ್‌ಗಳ ಜೊತೆ ಇದು ಸಾಧಾರಣ. 'ಮ್ಯಾಜಿಕ್ ಮಿಸೈಲ್' ಜೊತೆ ಮಾತ್ರ ಕೋಲಿಗೆ ಜೀವ ಬರುತ್ತದೆ. ಆ ಸ್ಪೆಲ್‌ನಲ್ಲಿ ಮೂರು ಬಾಣ ಹೋಗುತ್ತವೆ, ಒಂದೂ ಗುರಿ ತಪ್ಪುವುದಿಲ್ಲ. ಮೂರು ಬಾಣ ಅಂದರೆ ಮೂರು ಸಲ ಡ್ಯಾಮೇಜ್, ಮೂರು ಸಲ ಚಾರ್ಜ್. ಎದುರಾಳಿ ಒದ್ದೆಯಾಗಿದ್ದರೆ ಆ ಮಿಂಚಿನ ಭಾಗ ದುಪ್ಪಟ್ಟು.

ಲೆವೆಲ್ 3 ಮತ್ತು 4ರಲ್ಲಿ ಗೇಲ್ ಇದೊಂದನ್ನೇ ಹಾಕಿದ ಅಂದರೂ ನಡೆಯುತ್ತದೆ. ಗಾಬ್ಲಿನ್ ಬಿಡಾರವನ್ನು ಈ ಜೋಡಿಯಲ್ಲೇ ದಾಟಿದೆ.

ಯಾರು ಮೊದಲು?

ಇಲ್ಲೊಂದು ತೊಡಕು ಎದ್ದಿತು. ನೀರು ಮೊದಲು ಬೀಳಬೇಕು, ಏಟು ಆಮೇಲೆ. ಸರದಿ ಉಲ್ಟಾ ಬಿದ್ದರೆ ಗೇಲ್ ಒಣಗಿದವರ ಮೇಲೆ ಸ್ಪೆಲ್ ಸ್ಲಾಟ್ ಖರ್ಚು ಮಾಡುತ್ತಾನೆ, ಅವನ ಮುಂದಿನ ಸರದಿ ಬರುವ ಹೊತ್ತಿಗೆ ನೀರಿನ ಮೇಲೆ ನಿಂತವರು ಬೇರೆಲ್ಲೋ ಓಡಿರುತ್ತಾರೆ.

ಈ ಆಟದಲ್ಲಿ ಸರದಿ ನಿರ್ಧಾರ ಆಗುವುದು ನಾಲ್ಕು ಮುಖದ ದಾಳದಿಂದ. ಟೇಬಲ್ ಮೇಲೆ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಇಪ್ಪತ್ತು ಮುಖದ್ದು. ನಾಲ್ಕು ಮುಖದ ದಾಳದಲ್ಲಿ ಅದೃಷ್ಟಕ್ಕೆ ಜಾಗ ಕಡಿಮೆ, ಡೆಕ್ಸ್ಟೆರಿಟಿಗೆ, ಅಂದರೆ ಪಾತ್ರದ ಚುರುಕುತನಕ್ಕೆ, ಜಾಗ ಜಾಸ್ತಿ. ಅಂದರೆ ನಾವು ಸರದಿಯನ್ನು ಕಟ್ಟಬಹುದು, ಸುಮ್ನೆ ಕಾಯಬೇಕಾಗಿಲ್ಲ.

ವಿದರ್ಸ್ ಹತ್ತಿರ ಮತ್ತೆ ಹೋದೆ. ಶ್ಯಾಡೋಹಾರ್ಟ್‌ಗೆ ಡೆಕ್ಸ್ಟೆರಿಟಿ 14 ಕೊಟ್ಟೆ. ಲೆವೆಲ್ 4ರ ಫೀಟ್ (ಆರಿಸಿಕೊಳ್ಳುವ ವಿಶೇಷ ಶಕ್ತಿ) ಆಗಿ 'ಅಲರ್ಟ್' ಕೊಟ್ಟೆ. ಅದು ಸರದಿಗೆ ನೇರವಾಗಿ 5 ಸೇರಿಸುತ್ತದೆ. ನಾಲ್ಕು ಮುಖದ ದಾಳದ ಮುಂದೆ 5 ಅಂದರೆ ಎಷ್ಟು ದೊಡ್ಡದು ನೋಡಿ: ಅವಳಿಗೆ 1 ಬಿದ್ದು, ಅದೇ ಡೆಕ್ಸ್ಟೆರಿಟಿಯ ಎದುರಾಳಿಗೆ 4 ಬಿದ್ದರೂ ಅವಳೇ ಮುಂದೆ. ಕ್ಲೆರಿಕ್‌ಗೆ ಎಲ್ಲರೂ ಮೊದಲು 'ವಾರ್ ಕಾಸ್ಟರ್' ತೆಗೆದುಕೊಳ್ಳಲು ಹೇಳುತ್ತಾರೆ, ಏಕಾಗ್ರತೆ ಮುರಿಯದಿರಲು. ಅದನ್ನು ನಾನು ಲೆವೆಲ್ 8ಕ್ಕೆ ತಳ್ಳಿದೆ. ಅವಳನ್ನು ಹಿಂದೆ ನಿಲ್ಲಿಸಿದರೆ ಏಟು ಬೀಳುವುದೇ ಕಡಿಮೆ. ಆದರೆ ಅವಳು ತಡವಾಗಿ ಬಂದರೆ ಇಡೀ ತಂಡದ ಲೆಕ್ಕ ತಪ್ಪುತ್ತದೆ.

ಇನ್ನೊಂದು ಅನುಕೂಲ ಇದೆ. ನಮ್ಮವರಿಬ್ಬರ ಸರದಿ ಒಂದರ ಪಕ್ಕ ಒಂದು ಬಂದು, ನಡುವೆ ಶತ್ರು ಇಲ್ಲದಿದ್ದರೆ, ಇಬ್ಬರನ್ನೂ ಒಟ್ಟಿಗೆ ಆಡಿಸಬಹುದು. ಇವಳು ನೀರು ಸುರಿಯಲಿ, ಅವನಿಗೆ ಹೋಗಿ, ಹೊಡೆದು, ಮತ್ತೆ ಇವಳನ್ನು ನಡೆಸಿ.

ಅಂಡರ್‌ಡಾರ್ಕ್: ಕೋಲುಗಳ ಗಣಿ

ಗಾಬ್ಲಿನ್‌ಗಳ ಹಾಳು ಗುಡಿಯೊಳಗಿನ ಚಂದ್ರನ ಒಗಟು ಬಿಡಿಸಿದರೆ ಕೆಳಗೆ ಅಂಡರ್‌ಡಾರ್ಕ್ ಅನ್ನುವ ನೆಲದಡಿಯ ಲೋಕಕ್ಕೆ ದಾರಿ ತೆರೆಯುತ್ತದೆ. ಮೊದಲ ಅಂಕದ ಒಳ್ಳೆಯ ಕೋಲುಗಳು ಬಹುತೇಕ ಇಲ್ಲೇ ಇವೆ. ಆಟದ ಈ ಭಾಗಕ್ಕೆ ನಾನು ಅವಸರ ಮಾಡುವುದೇ ಇಲ್ಲ.

ಮೊದಲಿಗೆ ಆರ್ಕೇನ್ ಟವರ್. ಹತ್ತಿರ ಹೋದರೆ ಗೋಪುರದ ಯಂತ್ರಗಳು ಮಂತ್ರದ ಗುಂಡು ಹಾರಿಸುತ್ತವೆ. ಅಂಡರ್‌ಡಾರ್ಕ್‌ನಲ್ಲಿ ಸಸ್ಸರ್ ಅನ್ನುವ ಮರ ಇದೆ. ಅದರ ಹೂವಿನ ಸುತ್ತ ಮಂತ್ರ ನಡೆಯುವುದಿಲ್ಲ. ಆ ಹೂವೇ ಗೋಪುರದ ಜನರೇಟರ್‌ಗೆ ಇಂಧನ. ಹೂವನ್ನು ಕೀಳುವ, ಹೊರುವ ಕೆಲಸ ಲೇಝೆಲ್‌ಗೆ ಕೊಟ್ಟೆ. ಮಂತ್ರ ನಂಬಿಕೊಂಡ ಮೂವರನ್ನು ದೂರ ನಿಲ್ಲಿಸಿದೆ. ಜನರೇಟರ್ ಓಡಿದ ಮೇಲೆ ಲಿಫ್ಟ್ ಕೆಲಸ ಮಾಡುತ್ತದೆ. ತುದಿಯಲ್ಲಿ ಬರ್ನಾರ್ಡ್ ಅನ್ನುವ ಲೋಹದ ಕಾವಲುಗಾರ ಇದ್ದಾನೆ. ಗೋಪುರದ ಪುಸ್ತಕಗಳಲ್ಲಿ ಸಿಗುವ ಕವಿತೆಯ ಸಾಲು ಸರಿಯಾಗಿ ಹೇಳಿದರೆ ಹೊಡೆದಾಟ ಇಲ್ಲ. ಅವನ ಬಳಿಯ 'ಗೈಡಿಂಗ್ ಲೈಟ್' ಉಂಗುರ ಇದ್ದರೆ ಲಿಫ್ಟ್ ನೆಲಮಾಳಿಗೆಗೂ ಇಳಿಯುತ್ತದೆ. ಅಲ್ಲಿ ಸಿಗುವುದು 'ಸ್ಟಾಫ್ ಆಫ್ ಆರ್ಕೇನ್ ಬ್ಲೆಸ್ಸಿಂಗ್'.

ಈ ಕೋಲನ್ನು ಗೇಲ್‌ಗೆ ಕೊಡಬೇಡಿ. ವಿಝರ್ಡ್‌ಗೆ ಬ್ಲೆಸ್ ಬರುವುದಿಲ್ಲ. ಇದು ಶ್ಯಾಡೋಹಾರ್ಟ್ ಕೈಗೆ. ಅವಳು ಇದನ್ನು ಹಿಡಿದು ಬ್ಲೆಸ್ ಹಾಕಿದರೆ ಮಾಮೂಲಿನ ಒಂದು ನಾಲ್ಕು ಮುಖದ ದಾಳದ ಜೊತೆ, ಸ್ಪೆಲ್‌ನಿಂದ ಗುರಿಯಿಡುವವರಿಗೆ ಇನ್ನೊಂದು ಸೇರುತ್ತದೆ. ಎರಡು ನಾಲ್ಕು ಮುಖದ ದಾಳದ ಸರಾಸರಿ 5. ಇಪ್ಪತ್ತು ಮುಖದ ದಾಳದ ಮೇಲೆ 5 ಅಂದರೆ ನೂರಕ್ಕೆ 25ರಷ್ಟು ಜಾಸ್ತಿ ಏಟು ತಾಗುತ್ತದೆ. ಕೋಲು ಇರುವುದು ಅವಳ ಕೈಯಲ್ಲಿ, ಲಾಭ ಪಡೆಯುವುದು ಗೇಲ್. ನಾನು ಹೇಳುತ್ತಿರುವುದು ಇದನ್ನೇ.

ಕತ್ತಿ ಹಿಡಿದ ಲೇಝೆಲ್‌ಗೂ ಇದರಲ್ಲಿ ಪಾಲು ಇದೆ. ಅವಳಿಗೆ 'ಗ್ರೇಟ್ ವೆಪನ್ ಮಾಸ್ಟರ್' ಫೀಟ್ ಕೊಟ್ಟಿದ್ದೆ. ಗುರಿಯಲ್ಲಿ 5 ಕಳೆದುಕೊಂಡು ಡ್ಯಾಮೇಜ್‌ನಲ್ಲಿ 10 ಪಡೆಯುವ ವ್ಯವಹಾರ ಅದು. ಬ್ಲೆಸ್‌ನ ಸರಾಸರಿ ಎರಡೂವರೆ, ಕಳೆದುಕೊಂಡದ್ದರಲ್ಲಿ ಅರ್ಧ ವಾಪಸ್ ಬಂತು. ಬ್ಲೆಸ್ ಮೂವರಿಗೆ ಹಾಕಬಹುದು: ಗೇಲ್, ಲೇಝೆಲ್, ಟಾವ್. ಇದಕ್ಕೆ ಏಕಾಗ್ರತೆ ಬೇಕು, ನೀರಿಗೆ ಬೇಡ. ಹಾಗಾಗಿ ಒಬ್ಬಳೇ ಎರಡನ್ನೂ ನಡೆಸಬಲ್ಲಳು. ಹೋರಾಟ ಶುರುವಾಗುವ ಮೊದಲೇ ಬ್ಲೆಸ್ ಹಾಕಿಕೊಂಡು ಒಳಗೆ ಹೋದರೆ ಮೊದಲ ಸರದಿ ಪೂರ್ತಿ ನೀರಿಗೇ ಸಿಗುತ್ತದೆ.

ಎರಡನೆಯದು ಅಣಬೆ ಜನರ ಊರಿನಲ್ಲಿ. ಮೈಕೊನಿಡ್ ಕಾಲೊನಿಯಲ್ಲಿ ಬ್ಲರ್ಗ್ ಅನ್ನುವ ಹಾಬ್‌ಗಾಬ್ಲಿನ್ ಪಂಡಿತ ವ್ಯಾಪಾರ ಮಾಡುತ್ತಾನೆ. ಅವನ ಹತ್ತಿರ 'ಮೆಲ್ಫ್ಸ್ ಫಸ್ಟ್ ಸ್ಟಾಫ್' ಇದೆ. ಹಿಡಿದವರ ಸ್ಪೆಲ್ ಗುರಿಗೂ, ಎದುರಾಳಿ ತಪ್ಪಿಸಿಕೊಳ್ಳಲು ಮುಟ್ಟಬೇಕಾದ ಸಂಖ್ಯೆಗೂ ಒಂದೊಂದು ಸೇರುತ್ತದೆ. ನೋಡಲು ಚಿಕ್ಕದು. ಇದನ್ನು ಟಾವ್‌ಗೆ ಕೊಟ್ಟೆ, ಯಾಕೆಂದರೆ ಎದುರಾಳಿಯನ್ನು ಅಲ್ಲಾಡದಂತೆ ಹಿಡಿದಿಡುವ 'ಹೋಲ್ಡ್ ಪರ್ಸನ್' ಹಾಕುವುದು ಅವನು. ಆ ಸ್ಪೆಲ್ ಹತ್ತಿದರೆ ಹೋರಾಟ ಅಲ್ಲಿಗೇ ಮುಗಿದ ಹಾಗೆ, ಹತ್ತದಿದ್ದರೆ ಸ್ಲಾಟ್ ದಂಡವಾದ ಹಾಗೆ. ಅಂಥ ಕಡೆ ನೂರಕ್ಕೆ 5 ಕೂಡ ಬಿಡಬಾರದು. ಶಿಲೇಲಿ ಈ ಕೋಲಿನ ಮೇಲೂ ನಡೆಯುತ್ತದೆ.

ಮೌರ್ನಿಂಗ್ ಫ್ರಾಸ್ಟ್ ಜೋಡಿಸಿದ್ದು

ಇಡೀ ಬಿಲ್ಡ್‌ನಲ್ಲಿ ನನಗೆ ಅತಿ ಪ್ರೀತಿಯ ಭಾಗ ಇದು. ಈ ಕೋಲು ಎಲ್ಲೂ ಇಡಿಯಾಗಿ ಸಿಗುವುದಿಲ್ಲ. ಹಿಡಿ, ಲೋಹ, ಹರಳು ಅಂತ ಮೂರು ತುಂಡು, ಮೂರೂ ಅಂಡರ್‌ಡಾರ್ಕ್‌ನ ಬೇರೆ ಬೇರೆ ಮೂಲೆಯಲ್ಲಿ. ಒಂದು ತುಂಡು ಸ್ಪೆಕ್ಟೇಟರ್ ಅನ್ನುವ ತೇಲುವ ಕಣ್ಣಿನ ಮೃಗ ಇರುವ ಜಾಗದಲ್ಲಿ, ಕಲ್ಲಾಗಿ ನಿಂತ ಧೌರ್ನ್ ಅನ್ನುವ ಡ್ರೌ (ನೆಲದಡಿಯ ಎಲ್ಫ್) ಬಳಿ. ಅಲ್ಲಿ ಹೋರಾಟ ಶುರುವಾದರೆ ಆ ಮೃಗ ಕಲ್ಲಾದವರನ್ನೇ ಎಬ್ಬಿಸಿ ನಮ್ಮ ಮೇಲೆ ಬಿಡುತ್ತದೆ, ಹಾಗಾಗಿ ಎತ್ತರದ ಜಾಗ ಹಿಡಿದು ಶುರು ಮಾಡಿ.

ಮೂರೂ ಒಬ್ಬರ ಚೀಲದಲ್ಲಿ ಸೇರಿದ ಮೇಲೆ ಒಂದನ್ನು ಆರಿಸಿ 'ಕಂಬೈನ್' ಒತ್ತಿದರೆ ಆಯಿತು. ಈ ಆಟದಲ್ಲಿ ವಸ್ತು ಕೊಳ್ಳಬಹುದು, ಗೆಲ್ಲಬಹುದು, ಕದಿಯಬಹುದು. ಆದರೆ ತುಂಡು ಹುಡುಕಿ ಕೈಯಾರೆ ಜೋಡಿಸಿದ ಕೋಲನ್ನು ಗೇಲ್ ಕೈಗೆ ಇಡುವುದೇ ಬೇರೆ ಖುಷಿ.

ಇದರ ಕೆಳಗಿನ ಸಾಲುಗಳು ಮೂರು. ಚಳಿಯ ಕಿರಣ ಬಿಡುವ 'ರೇ ಆಫ್ ಫ್ರಾಸ್ಟ್' ಮಂತ್ರ ಉಚಿತವಾಗಿ ಬರುತ್ತದೆ. ಕೋಲ್ಡ್ ಡ್ಯಾಮೇಜ್ ಮಾಡಿದಾಗ ಇನ್ನೂ 1 ಸೇರುತ್ತದೆ. ಮತ್ತು ಏಟು ತಿಂದವರು ತಡೆದುಕೊಳ್ಳಲಾಗದಿದ್ದರೆ 'ಚಿಲ್ಡ್' ಆಗುತ್ತಾರೆ. ಮೂರನೆಯದೇ ಮುಖ್ಯ. ಚಿಲ್ಡ್ ಆದವರಿಗೂ ಒದ್ದೆಯಾದವರ ಹಾಗೆಯೇ ಕೋಲ್ಡ್ ದುಪ್ಪಟ್ಟು ತಾಗುತ್ತದೆ. ಎರಡೂ ಸೇರಿದರೆ ನಾಲ್ಕು ಪಟ್ಟು ಆಗುವುದಿಲ್ಲ, ಎರಡರಲ್ಲೇ ನಿಲ್ಲುತ್ತದೆ. ಲಾಭ ಇರುವುದು ಬೇರೆ ಕಡೆ: ಒಮ್ಮೆ ಚಿಲ್ಡ್ ಬಿದ್ದರೆ ಮುಂದಿನ ಸರದಿಯಲ್ಲಿ ಶ್ಯಾಡೋಹಾರ್ಟ್ ಮತ್ತೆ ನೀರು ಸುರಿಯಬೇಕಾಗಿಲ್ಲ. ಅವಳ ಆಕ್ಷನ್ ಗಾಯ ಮಾಗಿಸಲು ಸಿಗುತ್ತದೆ.

ಗೇಲ್ ಸ್ಪೆಲ್ ಪಟ್ಟಿಯನ್ನು ಇಲ್ಲಿಂದ ಬದಲಿಸಿದೆ. 'ಫೈರ್‌ಬಾಲ್' ತೆಗೆದೆ. ಕಷ್ಟ ಆಯಿತು, ಎಲ್ಲರಿಗೂ ಅದು ಪ್ರೀತಿಯ ಸ್ಪೆಲ್. ಆದರೆ ಒದ್ದೆಯಾದವರ ಮೇಲೆ ಬೆಂಕಿ ಅರ್ಧ ಮಾತ್ರ. 'ಕ್ರೋಮ್ಯಾಟಿಕ್ ಆರ್ಬ್'ನಲ್ಲಿ ಕೋಲ್ಡ್ ಆರಿಸುವುದು, 'ಐಸ್ ನೈಫ್', ಮುಂದೆ 'ಐಸ್ ಸ್ಟಾರ್ಮ್'. ಲೇಝೆಲ್ ಕೈಯಲ್ಲಿ ಎವರ್‌ಬರ್ನ್ ಬ್ಲೇಡ್ ಇತ್ತು, ಅದರ ಬೆಂಕಿಯ ಭಾಗಕ್ಕೂ ಈ ಅರ್ಧದ ಏಟು ಬೀಳುತ್ತದೆ. ಆ ಭಾಗ ಒಂದು ನಾಲ್ಕು ಮುಖದ ದಾಳ ಅಷ್ಟೇ, ಹಾಗಾಗಿ ಕತ್ತಿ ಬದಲಿಸುವ ಅವಸರ ಮಾಡಲಿಲ್ಲ.

ಒಂದು ಸುತ್ತು, ಹತ್ತಿರದಿಂದ

ಗ್ರಿಮ್‌ಫೋರ್ಜ್‌ನಲ್ಲಿ ಡ್ಯೂರ್ಗರ್ ಅನ್ನುವ ನೆಲದಡಿಯ ಕುಳ್ಳರ ಗುಂಪಿನ ಜೊತೆ ಹೊಡೆದಾಟ. ಲೆವೆಲ್ 5. ಬ್ಲೆಸ್ ಮೊದಲೇ ಹಾಕಿಯಾಗಿದೆ. ಸರದಿಯಲ್ಲಿ ಶ್ಯಾಡೋಹಾರ್ಟ್ ಮೊದಲು, ಪಕ್ಕದಲ್ಲೇ ಗೇಲ್. ಮೂವರು ಒತ್ತೊತ್ತಾಗಿ ನಿಂತಿದ್ದಾರೆ. ಅವರ ನಡುವೆ ನೀರಿನ ವೃತ್ತ ಇಟ್ಟೆ. ಮೂವರ ತಲೆಯ ಮೇಲೂ ಹನಿಯ ಗುರುತು ಬಂತು. ಗೇಲ್‌ಗೆ ಹೋಗಿ ರೇ ಆಫ್ ಫ್ರಾಸ್ಟ್ ಆರಿಸಿ ನಡುವಿನವನ ಮೇಲೆ ಮೌಸ್ ಇಟ್ಟರೆ ಬ್ಲೆಸ್‌ನಿಂದ ಏರಿದ ಶೇಕಡಾವಾರು ಕಾಣುತ್ತದೆ. ಒತ್ತಿದೆ. ಲೆವೆಲ್ 5ರಿಂದ ಅದಕ್ಕೆ ಎಂಟು ಮುಖದ ದಾಳ ಎರಡು. ಬಿದ್ದದ್ದು 5 ಮತ್ತು 6. ಕಾಂಬ್ಯಾಟ್ ಲಾಗ್ ತೆರೆದು ನೋಡಿದರೆ ಆ 11 ದುಪ್ಪಟ್ಟಾಗಿರುವುದು, ಪಕ್ಕದಲ್ಲಿ ಕಾರಣ 'ವೆಟ್' ಅಂತ ಇರುವುದು, ಎಲ್ಲ ಸಾಲಾಗಿ ಕಾಣುತ್ತದೆ. ಒಂದು ಸ್ಪೆಲ್ ಸ್ಲಾಟ್ ಸಹ ಖರ್ಚಾಗದ ಪುಟ್ಟ ಮಂತ್ರ ಇದು, ನೆನಪಿರಲಿ.

ಅಷ್ಟರಲ್ಲಿ ಅವರ ಕಾಲ ಕೆಳಗಿನ ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾಯಿತು. ನಡೆಯಲು ಹೋದ ಒಬ್ಬ ಜಾರಿ ಬಿದ್ದ. ಬಿದ್ದವನ ಸರದಿ ಅಲ್ಲಿಗೇ ಮುಗಿಯುತ್ತದೆ, ಹತ್ತಿರ ನಿಂತವರಿಗೆ ಅವನನ್ನು ಹೊಡೆಯುವುದು ಸುಲಭ.

ಈ ಮಂಜುಗಡ್ಡೆಯೇ ಎರಡನೇ ದೊಡ್ಡ ತೊಡಕು. ಅದಕ್ಕೆ ನಮ್ಮವರು, ಅವರು ಅನ್ನುವ ಭೇದ ಇಲ್ಲ. ಲೇಝೆಲ್ ಮುಂದೆ ನುಗ್ಗಿದರೆ ಅವಳೂ ಜಾರುತ್ತಾಳೆ. ಶ್ಯಾಡೋಹಾರ್ಟ್ ಜಾರಿದರೆ ಇನ್ನೂ ಕೆಟ್ಟದ್ದು: ಈ ಆಟದಲ್ಲಿ ನೆಲಕ್ಕೆ ಬಿದ್ದವರ ಏಕಾಗ್ರತೆ ಮುರಿಯುತ್ತದೆ, ಬ್ಲೆಸ್ ಮೂವರಿಂದಲೂ ಒಟ್ಟಿಗೆ ಹೋಗುತ್ತದೆ.

ಸರಿಪಡಿಸಿದ್ದು ಹೀಗೆ. ನೀರಿನ ವೃತ್ತವನ್ನು ಶತ್ರುಗಳ ನಡುವೆ ಇಡದೆ ಅವರ ಹಿಂಬದಿಗೆ ಸರಿಸಿ, ಅಂಚು ಮಾತ್ರ ಅವರ ಕಾಲಿಗೆ ತಾಗುವಂತೆ ಇಡಲು ಶುರು ಮಾಡಿದೆ. ಒದ್ದೆಯಾಗಲು ಅಂಚು ಸಾಕು. ಲೇಝೆಲ್ ನಿಲ್ಲುವ ಮುಂಬದಿ ಒಣಗಿಯೇ ಇರುತ್ತದೆ. ಅವಳು ಗಿಥ್ಯಾಂಕಿ ಜಾತಿಯವಳಾದ್ದರಿಂದ ಲೆವೆಲ್ 3ರಲ್ಲಿ ದೂರ ಹಾರುವ ಶಕ್ತಿ, 5ರಲ್ಲಿ ತಟ್ಟನೆ ಬೇರೆಡೆ ಪ್ರತ್ಯಕ್ಷವಾಗುವ 'ಮಿಸ್ಟಿ ಸ್ಟೆಪ್' ತಾನಾಗಿಯೇ ಬರುತ್ತವೆ. ಮಂಜುಗಡ್ಡೆ ಅಡ್ಡ ಬಂದರೆ ತುಳಿಯದೆ ದಾಟುತ್ತಾಳೆ. ಕೊನೆಗೆ ಗ್ರಿಮ್‌ಫೋರ್ಜ್‌ನ ನೀರ್ ಅನ್ನುವವನು ಹಾಕಿಕೊಂಡಿರುವ 'ಡಿಸಿಂಟಿಗ್ರೇಟಿಂಗ್ ನೈಟ್ ವಾಕರ್ಸ್' ಬೂಟು ಸಿಕ್ಕಿತು. ಅದನ್ನು ಹಾಕಿದವರು ಮಂಜುಗಡ್ಡೆಯ ಮೇಲೆ ಜಾರುವುದಿಲ್ಲ. ನೇರವಾಗಿ ಲೇಝೆಲ್ ಕಾಲಿಗೆ ಹೋಯಿತು. ಆಮೇಲೆ ಅವಳು ಮಂಜಿನ ನಡುವೆಯೇ ನಿಂತು ಬಿದ್ದವರನ್ನು ಕಡಿಯತೊಡಗಿದಳು.

ಎರಡನೇ ಅಂಕ, ಬೇಗ ಬೇಗ

ನೆರಳಿನ ಶಾಪ ಇರುವ ನಾಡಿನಲ್ಲಿ ಬೆಳಕು ಬೇಕು. ಒಂದು ಕೈಯಲ್ಲಿ ಪಂಜು ಹಿಡಿದರೆ ಗುರಾಣಿ ಬಿಡಬೇಕು. ಅದರ ಬದಲು 'ಲೈಟ್' ಮಂತ್ರ ಹಾಕಿಕೊಂಡರೆ ಕೈ ಖಾಲಿ ಇರುತ್ತದೆ. ಶಾಪ ಗಾಢವಾದ ಕಡೆ ಇದು ಸಾಲುವುದಿಲ್ಲ, ಕಥೆಯಲ್ಲಿ ಸಿಗುವ ಬೇರೆ ರಕ್ಷಣೆ ಬೇಕು.

ಹೊಸ ಶತ್ರು ಕಂಡಾಗಲೆಲ್ಲ ಮೊದಲು 'ಟಿ' ಒತ್ತಿ ಎಕ್ಸಾಮಿನ್ ಮಾಡಿ. ಕೋಲ್ಡ್ ತಡೆಯುವವರು ಇಲ್ಲಿ ಸಿಗುತ್ತಾರೆ. ಅಂಥವರಿಗೆ ಗೇಲ್ ಹಳೆಯ ಸ್ಪೆಲ್‌ಸ್ಪಾರ್ಕ್ಲರ್ ಎತ್ತಿಕೊಂಡು ಮ್ಯಾಜಿಕ್ ಮಿಸೈಲ್‌ಗೆ ಮರಳುತ್ತಾನೆ. ಹೋರಾಟದ ನಡುವೆ ಆಯುಧ ಬದಲಿಸಲು ಈ ಆಟದಲ್ಲಿ ಆಕ್ಷನ್ ಖರ್ಚಾಗುವುದಿಲ್ಲ. ಎರಡೂ ಕೋಲು ಚೀಲದಲ್ಲಿ ಇರಲಿ.

ಶ್ಯಾಡೋಹಾರ್ಟ್‌ಗೆ ಈ ಅಂಕದಲ್ಲಿ ದೊಡ್ಡ ಪರೀಕ್ಷೆ ಬರುತ್ತದೆ. ಅಲ್ಲಿಯವರೆಗೆ ಅವಳ ಜೊತೆ ಬಿಡಾರದಲ್ಲಿ ಮಾತಾಡಿ, ಅವಳ ನಂಬಿಕೆ ಗಳಿಸಿಕೊಂಡಿರಿ. ಆಯ್ಕೆಯನ್ನು ಅವಳಿಗೇ ಬಿಡುವಷ್ಟು ನಂಬಿಕೆ ಬೆಳೆದಿದ್ದರೆ ಅದೊಂದು ಮರೆಯಲಾಗದ ಗಳಿಗೆ.

ಲೆವೆಲ್ 9ರಿಂದ 12: ಎರಡು ಕೈಗೂ ಕೋಲು

ಲೆವೆಲ್ 9ರಲ್ಲಿ ಗೇಲ್‌ಗೆ 'ಕೋನ್ ಆಫ್ ಕೋಲ್ಡ್' ಬರುತ್ತದೆ. ಎಂಟು ಮುಖದ ದಾಳ ಎಂಟು. ಸರಾಸರಿ 36, ಒದ್ದೆಯಾದವರು ತಡೆಯಲಾಗದಿದ್ದರೆ 72, ಅದೂ ಮುಂದೆ ನಿಂತ ಎಲ್ಲರಿಗೂ. ಗೇಲ್ ಎವೊಕೇಶನ್ ಅನ್ನುವ ಮಂತ್ರಶಾಖೆ ಕಲಿತವನಾದ್ದರಿಂದ ನಮ್ಮವರು ಆ ದಾರಿಯಲ್ಲಿ ನಿಂತಿದ್ದರೂ ಅವರಿಗೆ ಒಂದು ಗೀರೂ ಬೀಳುವುದಿಲ್ಲ. ಲೇಝೆಲ್ ಶತ್ರುಗಳ ನಡುವೆ ಇರುವಾಗಲೇ ಧೈರ್ಯವಾಗಿ ಹಾಕಬಹುದು. ಲೆವೆಲ್ 10ರಿಂದ ಎವೊಕೇಶನ್ ಸ್ಪೆಲ್‌ಗಳಿಗೆ ಅವನ ಬುದ್ಧಿಯ ಬಲವೂ ಸೇರುತ್ತದೆ.

ಮೂರನೇ ಅಂಕದಲ್ಲಿ ನಗರ. ಸಾರ್ಸರಸ್ ಸಂಡ್ರೀಸ್ ಅಂಗಡಿಯ ಮೂಲಕ ರಾಮಝಿತ್ಸ್ ಟವರ್‌ಗೆ ಹೋದರೆ ಅಲ್ಲಿ 'ಮಾರ್ಕೊಹೆಶ್ಕಿರ್' ಇದೆ. ಆಟದ ಅತಿ ದೊಡ್ಡ ಕೋಲುಗಳಲ್ಲಿ ಒಂದು. ಮೆಲ್ಫ್ಸ್ ಹಾಗೆ ಗುರಿಗೂ ತಡೆಗೂ 1 ಸೇರಿಸುತ್ತದೆ. 'ಆರ್ಕೇನ್ ಬ್ಯಾಟರಿ' ಅನ್ನುವ ಶಕ್ತಿಯಿಂದ ಲಾಂಗ್ ರೆಸ್ಟ್‌ಗೆ ಒಮ್ಮೆ ಒಂದು ಸ್ಪೆಲ್ ಅನ್ನು ಸ್ಲಾಟ್ ಇಲ್ಲದೆ ಹಾಕಬಹುದು. 'ಕೆರೆಸ್ಕಾಸ್ ಫೇವರ್'ನಲ್ಲಿ ಬೆಂಕಿ, ಮಿಂಚು, ಚಳಿ ಮುಂತಾದವುಗಳಲ್ಲಿ ಒಂದರ ಶಕ್ತಿಯನ್ನು ಆರಿಸಿಕೊಳ್ಳಬಹುದು.

ಇದು ಸಿಕ್ಕಿದಾಗ ಮೌರ್ನಿಂಗ್ ಫ್ರಾಸ್ಟ್ ಬಿಡಬೇಕೇ ಅನ್ನುವ ಪ್ರಶ್ನೆ ಬಂತು. ಚಿಲ್ಡ್ ಬೀಳಿಸುವ ಸಾಲು ಮಾರ್ಕೊಹೆಶ್ಕಿರ್‌ನಲ್ಲಿ ಇಲ್ಲ. ಬಿಡಲು ಮನಸ್ಸಾಗಲಿಲ್ಲ, ಬಿಡುವ ಅಗತ್ಯವೂ ಇಲ್ಲ. 'ಡ್ಯುಯಲ್ ವೀಲ್ಡರ್' ಅನ್ನುವ ಫೀಟ್ ಇದೆ. ಅದು ಇದ್ದರೆ ಹಗುರವಲ್ಲದ ಆಯುಧಗಳನ್ನೂ ಎರಡು ಕೈಯಲ್ಲಿ ಒಂದೊಂದು ಹಿಡಿಯಬಹುದು, ಕೋಲು ಸಹ. ಗುರಾಣಿಯ 2 ಹೋಗುತ್ತದೆ, ಆದರೆ ಆ ಫೀಟ್ ಆರ್ಮರ್ ಕ್ಲಾಸ್‌ಗೆ 1 ವಾಪಸ್ ಕೊಡುತ್ತದೆ. ನಷ್ಟ 1 ಮಾತ್ರ. ವಿದರ್ಸ್‌ಗೆ ಇನ್ನೊಂದು 100 ಗೋಲ್ಡ್ ಕೊಟ್ಟು ಗೇಲ್‌ನನ್ನು ಮತ್ತೆ ಕಟ್ಟಿಸಿದೆ. ಬಲಗೈಯಲ್ಲಿ ಮಾರ್ಕೊಹೆಶ್ಕಿರ್, ಎಡಗೈಯಲ್ಲಿ ಅಂಡರ್‌ಡಾರ್ಕ್‌ನಲ್ಲಿ ಜೋಡಿಸಿದ ಮೌರ್ನಿಂಗ್ ಫ್ರಾಸ್ಟ್. ಎರಡರ ಸಾಲುಗಳೂ ಒಟ್ಟಿಗೆ ಕೆಲಸ ಮಾಡುತ್ತವೆ.

ಲೆವೆಲ್ 12ರಲ್ಲಿ ತಂಡ ನಿಂತದ್ದು ಹೀಗೆ. ಶ್ಯಾಡೋಹಾರ್ಟ್ ಕೈಯಲ್ಲಿ ಈಗಲೂ ಆರ್ಕೇನ್ ಬ್ಲೆಸ್ಸಿಂಗ್, ಮೊದಲ ಅಂಕದ ಕೋಲು, ಅದಕ್ಕಿಂತ ಒಳ್ಳೆಯದು ಅವಳ ಕೆಲಸಕ್ಕೆ ನನಗೆ ಸಿಗಲಿಲ್ಲ. ಟಾವ್ ಬಳಿ ಮೆಲ್ಫ್ಸ್. ಲೇಝೆಲ್ ಬೂಟು ಬದಲಿಸಿಲ್ಲ. ಸ್ಪೆಲ್‌ಸ್ಪಾರ್ಕ್ಲರ್ ಗೇಲ್ ಚೀಲದಲ್ಲಿ ಕಾಯುತ್ತಿದೆ. ಹೊಸದಾಗಿ ಇದನ್ನು ಕಟ್ಟುವವರು ಮೊದಲ ದಿನವೇ ಗೇಲ್ ಎಡಗೈಗೆ ಒಂದು ಗುರಾಣಿ ಕೊಡಿ, ಶ್ಯಾಡೋಹಾರ್ಟ್‌ನ ಸಿದ್ಧ ಸ್ಪೆಲ್‌ಗಳಲ್ಲಿ ಕ್ರಿಯೇಟ್ ವಾಟರ್ ಇದೆಯಾ ನೋಡಿಕೊಳ್ಳಿ. ಉಳಿದದ್ದನ್ನು ದಾರಿಯಲ್ಲಿ ಸೇರಿಸಿಕೊಂಡು ಹೋಗಬಹುದು.